ಸಿಗ್ನಲ್ ಹೋಗದ ದಾರಿ

ಹೈದರಾಬಾದಿನ ಆ ಆಫೀಸಿನಲ್ಲಿ ನನಗೆ ಸಿಕ್ಕ ಕುರ್ಚಿಯಲ್ಲಿ ನನಗಿಂತ ಮುಂಚೆ ಇನ್ನೊಬ್ಬ ಎಂಜಿನಿಯರ್ ಕೂರುತ್ತಿದ್ದ. ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಅವನು ಸರಿಯಿದೆ ಎಂದಿದ್ದ ಸರ್ಕ್ಯೂಟ್ ಬೋರ್ಡು, ತಯಾರಾಗಿ ಬಂದ ಮೇಲೆ ಕೆಲಸ ಮಾಡಲಿಲ್ಲ. ಅವನನ್ನು ಮನೆಗೆ ಕಳಿಸಿದರು. ಸತ್ತ ಬೋರ್ಡು ಮಾತ್ರ ಮೇಜಿನ ಡ್ರಾಯರಿನಲ್ಲೇ ಉಳಿಯಿತು. ಇದನ್ನೆಲ್ಲ ಮೊದಲ ದಿನವೇ ನನ್ನ ಕಿವಿಗೆ ಹಾಕಿದರು, ಪುಣ್ಯಾತ್ಮರು! ಆಮೇಲೆ ಆ ಡ್ರಾಯರ್ ಎಳೆಯಲೂ ನನಗೆ ಭಯ.

ಐಟಿ ಭರಾಟೆಯ ಕಾಲ ಅದು. ಮೆಹದಿಪಟ್ಟಣಂನಿಂದ ಹೊರಡುವ ಬಸ್ಸಿನ ತುಂಬ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಸಾಫ್ಟ್‌ವೇರ್ ಮಂದಿ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ತಪ್ಪು ಒಂದು ಕೀಲಿ ಒತ್ತಿದರೆ ಅಳಿಸಿಹೋಗುತ್ತದೆ, ನನ್ನದು ತಾಮ್ರದಲ್ಲಿ ಅಚ್ಚಾಗಿ ಕೂರುತ್ತದೆ. ಬೋರ್ಡಿನ ಮೇಲೆ ಸಿಗ್ನಲ್ ಅತಿ ವೇಗದಲ್ಲಿ ಓಡಿದರೆ ಅದರ ರೂಪ ಕೆಡುತ್ತದೆ. ಎಷ್ಟು ಕೆಡುತ್ತದೆಂದು ಬೋರ್ಡು ಮಾಡಿಸುವ ಮೊದಲೇ ತಿಳಿಯಬೇಕು. ಅದಕ್ಕಾಗಿ ಚಿಪ್, ತಂತಿ, ಕನೆಕ್ಟರ್, ಬೋರ್ಡಿನ ಒಂದು ಪದರದಿಂದ ಇನ್ನೊಂದಕ್ಕೆ ಸಿಗ್ನಲ್ ಇಳಿಯುವ ತೂತು, ಇವೆಲ್ಲದಕ್ಕೂ ಕಂಪ್ಯೂಟರಿನಲ್ಲಿ ಮಾದರಿ ಕಟ್ಟಬೇಕು. ಕೊನೆಗೆ ಪರದೆಯ ಮೇಲೆ ಸಿಗ್ನಲ್ಲಿನ ಅಲೆಗಳು ಒಂದರ ಮೇಲೊಂದು ಬಿದ್ದು ಕಣ್ಣಿನಂಥ ಒಂದು ಆಕಾರ ಮೂಡುತ್ತದೆ. ಕಣ್ಣು ಅಗಲವಾಗಿ ತೆರೆದಿದ್ದರೆ ಬೋರ್ಡು ಬದುಕುತ್ತದೆ, ಮುಚ್ಚಿದ್ದರೆ ಸಾಯುತ್ತದೆ. ಮೊದಲ ಬೋರ್ಡು ಬದುಕಿದರೆ ನನ್ನ ನೌಕರಿ ಕಾಯಂ ಎಂದಿದ್ದರು. ಸತ್ತರೆ ಏನೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ನನಗೆ ಕಲಿಸುತ್ತಿದ್ದವರು ಕಲಬುರಗಿ ಕಡೆಯ ಒಬ್ಬ ಹಿರಿಯ ಎಂಜಿನಿಯರ್. ನಾವೆಲ್ಲ ಅವರನ್ನು ಅಕ್ಕಾ ಎನ್ನುತ್ತಿದ್ದೆವು. ಅವರದೊಂದು ವಿಚಿತ್ರ ಕಟ್ಟಳೆ. ಸಿಮ್ಯುಲೇಷನ್, ಅಂದರೆ ಮಾದರಿಯ ಪರೀಕ್ಷೆ, ಓಡಿಸುವ ಮೊದಲು, ಸಿಗ್ನಲ್ಲಿನ ಅಲೆ ಹೇಗೆ ಬರಬಹುದೆಂದು ನಾವೇ ಯೋಚಿಸಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಳ್ಳಬೇಕು.

"ಕಂಪ್ಯೂಟರ್ ನೀ ಕೊಟ್ಟಿದ್ದಷ್ಟ ನೋಡ್ತೈತಿ. ಚಿತ್ರ ಭಾಳ ಚಂದ ಬಂತಂದ್ರ ಅಂಜಬೇಕವ್ವಾ," ಎನ್ನುತ್ತಿದ್ದರು.

ನನಗೋ ಮೈಯೆಲ್ಲ ಉರಿ. ಇಷ್ಟು ದೊಡ್ಡ ತಂತ್ರಾಂಶ ಇಟ್ಟುಕೊಂಡು ಬಾಲವಾಡಿ ಮಕ್ಕಳ ಹಾಗೆ ಚಿತ್ರ ಬರೆಯಬೇಕಂತೆ! ಗೊಣಗುತ್ತಲೇ ಬರೆದೆ. ಅಷ್ಟು ವೇಗಕ್ಕೆ ಸಿಗ್ನಲ್ ಕೆಡದಿರದು ಎಂದುಕೊಂಡದ್ದರಿಂದ ನನ್ನ ಪೆನ್ಸಿಲ್ ಅಲೆ ಅಲ್ಲಲ್ಲಿ ತಗ್ಗುಬಿದ್ದು ಬಂತು. ಆದರೆ ನನ್ನ ಮೊದಲ ಬೋರ್ಡಿನ ಮಾದರಿ ಓಡಿಸಿದ ದಿನ ಬೆಳಿಗ್ಗೆ ಪರದೆಯ ಮೇಲೆ ಮೂಡಿದ ಕಣ್ಣು ಎಷ್ಟು ಅಗಲವಾಗಿತ್ತೆಂದರೆ, ಹಿಂದೆ ನಿಂತು ನೋಡುತ್ತಿದ್ದ ಮ್ಯಾನೇಜರ್ ಕುಣಿಯುವುದೊಂದು ಬಾಕಿ.

"ಚಾಲಾ ಬಾಗುಂದಿ, ತುಂಬಾ ಚೆನ್ನಾಗಿದೆ! ಸಾಯಂಕಾಲ ಬೋರ್ಡಿನ ನಕ್ಷೆ ಪಟಾನ್‌ಚೆರು ಫ್ಯಾಕ್ಟರಿಗೆ ಕಳಿಸಿಬಿಡಿ," ಎಂದು ತೆಲುಗು ಕನ್ನಡ ಬೆರೆಸಿ ಹೇಳಿ, ಎಲ್ಲರಿಗೂ ಚಹಾ ತರಿಸಿದರು.

ನಾನು ಪೆನ್ಸಿಲ್ ಚಿತ್ರವನ್ನು ಮಗುಚಿ ಇಟ್ಟೆ.

ಮಧ್ಯಾಹ್ನ ಬುತ್ತಿ ಬಿಚ್ಚಿದರೂ, ಚಿತ್ರ ಚಂದ ಬಂದರೆ ಅಂಜಬೇಕೆಂಬ ಅಕ್ಕನ ಮಾತೇ ತಲೆಯಲ್ಲಿ. ನನಗಿಂತ ಮುಂಚಿನವನು ಏನು ತಪ್ಪು ಮಾಡಿದ್ದನೋ ನೋಡೇಬಿಡೋಣವೆಂದು ಡ್ರಾಯರ್ ಎಳೆದೆ. ಸತ್ತ ಬೋರ್ಡನ್ನು ಕಿಟಕಿಗೆ ಹಿಡಿದಾಗ ಸಣ್ಣ ಸಣ್ಣ ತೂತುಗಳಿಂದ ಬಿಸಿಲು ಈಚೆ ಬಂತು. ನೋಡುತ್ತ ನೋಡುತ್ತ ನನ್ನ ತಪ್ಪು ಹೊಳೆಯಿತು. ನನ್ನ ಬೋರ್ಡಿನಲ್ಲಿ ಸಿಗ್ನಲ್ ಮೇಲಿನಿಂದ ಇಳಿದು ಮೂರನೆಯ ಪದರದಲ್ಲೇ ಪಕ್ಕಕ್ಕೆ ತಿರುಗುತ್ತದೆ. ಅಷ್ಟಕ್ಕೇ ಮಾದರಿ ಕಟ್ಟಿದ್ದೆ. ಸಿಗ್ನಲ್ ಹೋಗದ ದಾರಿಗೆ ಮಾದರಿ ಯಾಕೆ ಎಂಬುದು ನನ್ನ ಜಾಣತನ. ಆದರೆ ತೂತು ಅಲ್ಲಿಗೆ ನಿಲ್ಲುವುದಿಲ್ಲ, ಒಳಗೆಲ್ಲ ತಾಮ್ರ ಬಳಿದುಕೊಂಡು ತಳದವರೆಗೂ ಹೋಗುತ್ತದೆ. ಕೆಳಗೆ ಉಳಿದ ಆ ಬಾಲದೊಳಕ್ಕೆ ಇಳಿಯಬೇಡವೆಂದು ಸಿಗ್ನಲ್ಲಿಗೆ ಹೇಳಿದವರು ಯಾರು? ನಮ್ಮ ಕಾಲೊನಿಯ ಮುಚ್ಚಿದ ಗಲ್ಲಿಗೆ ನುಗ್ಗಿದ ಸ್ಕೂಟರಿನ ಹಾಗೆ ಅದು ತಳಕ್ಕೆ ಹೋಗಿ, ತಿರುಗಿ ಬಂದು, ಹಿಂದೆ ಬರುವುದಕ್ಕೆ ಡಿಕ್ಕಿ ಹೊಡೆಯುತ್ತದೆ.

ಓಡಿಬಂದು ಮಾದರಿಗೆ ಆ ಬಾಲ ಸೇರಿಸಿ ಮತ್ತೆ ಓಡಿಸಿದೆ. ಕಣ್ಣು ಹೆಚ್ಚುಕಡಿಮೆ ಮುಚ್ಚಿಹೋಯಿತು. ಪೆನ್ಸಿಲ್ ಚಿತ್ರದ ತಗ್ಗುಗಳೆಲ್ಲ ಪರದೆಯ ಮೇಲೆ ಬಂದು ಕುಳಿತಿದ್ದವು.

ಅಯ್ಯೋ ಶಿವನೇ, ಚಹಾ ಕುಡಿದು ಆಗಿದೆಯಲ್ಲ! ನಿಜ ಹೇಳಬೇಕೆಂದರೆ, ಸುಮ್ಮನಿದ್ದುಬಿಡೋಣ ಎಂದೇ ಮೊದಲು ಅನಿಸಿತು. ಹೇಳಿದರೆ ಇವತ್ತು ಹೋಗುವ ನೌಕರಿ, ಹೇಳದಿದ್ದರೆ ಬೋರ್ಡು ಬಂದ ದಿನ ಹೋಗುತ್ತದೆ. ಸತ್ತ ಬೋರ್ಡನ್ನು ಹಿಡಿದುಕೊಂಡೇ ಅಕ್ಕನ ಮುಂದೆ ಹೋಗಿ ನಿಂತೆ.

"ಅಕ್ಕಾ, ಮುಂಜಾನೆ ಚಿತ್ರ ತಪ್ಪೈತ್ರಿ. ತೂತಿನ ಬಾಲ ಬಿಟ್ಟೀನಿ. ಭಾಳ ಅಂಜಿಕಿ ಆಗಾಕತ್ತೈತಿ."

ಬೈಯುತ್ತಾರೆಂದುಕೊಂಡಿದ್ದೆ. ಅವರು ನನ್ನ ಕೈಯಲ್ಲಿದ್ದ ಸತ್ತ ಬೋರ್ಡನ್ನೇ ನೋಡಿದರು, ಮುಖ ಬಿಳಿಚಿಕೊಂಡಿತು. ಎದ್ದು, ನನ್ನನ್ನು ಕರೆದುಕೊಂಡು ಮ್ಯಾನೇಜರ್ ಕೋಣೆಗೆ ನಡೆದರು. ಬೆಳಿಗ್ಗೆಯ ಕಣ್ಣನ್ನು ನಂಬಲೋ ಮಧ್ಯಾಹ್ನದ್ದನ್ನು ನಂಬಲೋ ಎಂದು ಮ್ಯಾನೇಜರ್ ಇದ್ದಬದ್ದ ಭಾಷೆಯಲ್ಲೆಲ್ಲ ಕೂಗಾಡಿದರು.

"ಆಜ್ ನಹೀ ಜಾಯೇಗಾ ಸಾರ್," ಎಂದು ಅಕ್ಕ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ನಕ್ಷೆ ಅವತ್ತು ಹೋಗಲಿಲ್ಲ. ಬೇಡದ ಬಾಲಗಳನ್ನು ಕೆಳಗಿನಿಂದ ಕೊರೆದು ತೆಗೆಸುವುದೆಂದಾಯಿತು. ಬೋರ್ಡು ಬರುವವರೆಗೂ ಮ್ಯಾನೇಜರ್ ನನ್ನ ಮುಖ ನೋಡಲಿಲ್ಲ, ನಾನು ನೆಟ್ಟಗೆ ನಿದ್ದೆ ಮಾಡಲಿಲ್ಲ.

ಮಾದರಿ ಕಟ್ಟಿದವರೇ ಬೋರ್ಡಿಗೆ ಮೊದಲು ಕರೆಂಟ್ ಕೊಡಬೇಕು, ನಮ್ಮಲ್ಲಿ ಅದೇ ರೂಢಿ. ಸ್ವಿಚ್ಚಿನ ಮೇಲೆ ಬೆರಳಿಟ್ಟು ಒಮ್ಮೆ ಅಕ್ಕನ ಕಡೆ ನೋಡಿದೆ. ಒತ್ತಿದೆ. ಸಿಗ್ನಲ್ಲನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ಕಣ್ಣು ಮೂಡಿತು, ಕಿರಿದಾಗಿತ್ತು, ಆದರೆ ತೆರೆದಿತ್ತು. ನಾಚಿಕೆಬಿಟ್ಟು ಅತ್ತೆ.

ಅಕ್ಕ ನಗಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಡ್ರಾಯರಿನಿಂದ ಸತ್ತ ಬೋರ್ಡು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಅವನೂ ನಿನ್ನಂಗ ಬಂದು ನಿಂತಿದ್ದ. ಚಿತ್ರ ಭಾಳ ಚಂದ ಬಂದೈತ್ರಿ ಅಕ್ಕಾ, ಯಾಕೋ ಅಂಜಿಕಿ ಆಗಾಕತ್ತೈತಿ ಅಂದ."

"ನೀವೇನಂದ್ರಿ?"

"ಕೆಲಸದ ಗಡಿಬಿಡಿಯಾಗಿದ್ದೆ. ಚಂದ ಬಂದ್ರ ಯಾರರ ಅಂಜತಾರೇನೋ ಹುಚ್ಚಾ, ಕಳಸು ಅಂದೆ."

ನನ್ನ ನೌಕರಿ ಕಾಯಂ ಆಯಿತು. ಈಗ ನಾನೇ ಕಲಿಸುತ್ತೇನೆ, ಪೆನ್ಸಿಲ್ಲಿನಲ್ಲಿ ಬರೆಸುತ್ತೇನೆ. ಹೊಸಬರು ಅಳುಕುತ್ತ ನನ್ನ ಮೇಜಿನ ಮುಂದೆ ಬಂದು ನಿಂತಾಗಲೆಲ್ಲ, ಗಡಿಬಿಡಿಯಲ್ಲಿ ನನ್ನ ಬಾಯಿಂದ ಏನು ಬಂದುಬಿಡುತ್ತದೋ ಎಂದು ಅವರಿಗಿಂತ ಹೆಚ್ಚು ನಾನೇ ಅಂಜುತ್ತೇನೆ.