ಕರುಗಲ್ಲು ಕಿತ್ತ ಜಾಗ

ಸಮುದ್ರದ ತಳದಲ್ಲಿ ಕೇಬಲ್ ತುಂಡಾಗಿ ದೂರದ ದೇಶಗಳ ಫೋನುಗಳೆಲ್ಲ ಬಾಯಿ ಮುಚ್ಚಿಕೊಂಡವೆಂದು ಪೇಪರಿನಲ್ಲಿ ಓದಿ ಗಂಡನ ಮನೆಯವರೆಲ್ಲ ಬೆರಗಾದರು. ಸಮುದ್ರದೊಳಗೆ ತಂತಿ ಇರುತ್ತದೆಂಬುದೇ ಅವರಿಗೆ ಹೊಸದು. ಹಾಕುವ ಮುಂಚೆ ಹಡಗಿನವರು ತಳದ ತಗ್ಗುದಿಣ್ಣೆಗಳನ್ನೆಲ್ಲ ಅಳೆದು ನೋಡುತ್ತಾರಂತೆ. ನನಗೆ ಮೈಯೆಲ್ಲ ಉರಿಯಿತು. ನಮ್ಮ ಕೇಬಲ್ಲಿಗೆ ಅಳತೆ ಅಂತ ಇದ್ದದ್ದು ಅವ್ವನ ನೆನಪೊಂದೇ.

ತೊಂಬತ್ತರ ದಶಕದ ಮಾತು. ಹಗರಿಬೊಮ್ಮನಹಳ್ಳಿ ಕಡೆ, ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ ನಮ್ಮ ಊರು. ಆಚೆ ದಂಡೆಯಲ್ಲಿ ಅವ್ವನ ತಂಗಿ ಚಿಕ್ಕವ್ವನ ಊರು. ನಡುವೆ ನೀರಿನಡಿ ಅವ್ವನ ತವರೂರು, ಡ್ಯಾಮು ಕಟ್ಟಿದಾಗ ಮುಳುಗಿದ್ದು. ಒಂದು ಬೇಸಿಗೆ ನೀರು ಎದೆಮಟ್ಟಕ್ಕೆ ಇಳಿದಾಗ ಗುತ್ತಿಗೆದಾರನೊಬ್ಬ ಅದರ ತಳದಲ್ಲೇ ಫೋನಿನ ಕೇಬಲ್ ಎಳೆಸಲು ಬಂದ. ಕೂಲಿಗೆ ಹೋದವರಲ್ಲಿ ನಮ್ಮಣ್ಣನೂ ಒಬ್ಬ. ಅವನ ಈಜು ಅಷ್ಟಕ್ಕಷ್ಟೇ.

ಅವ್ವನಿಗೆ ಜೀವ ತಡೆಯಲಿಲ್ಲ. ಆ ನೀರಿನಡಿ ಹಾಳುಬಾವಿಗಳಿದ್ದವು, ಬಿದ್ದ ಗೋಡೆಗಳಿದ್ದವು. ದಂಡೆಗೆ ಬಂದು, ನೀರಿನ ಮೇಲೆ ಕಾಣುವ ಗುಡಿಯ ತುದಿಯ ಗುರುತು ಹಿಡಿದು, ಊರಿನ ದೊಡ್ಡ ಬೀದಿ ಯಾವ ನೇರಕ್ಕಿತ್ತೆಂದು ಕೈಮಾಡಿ ತೋರಿಸಿದಳು.

"ಬೀದಿ ಬಿಟ್ಟು ಆಕಡಿ ಈಕಡಿ ಹೋಗಬ್ಯಾಡ. ಅದರಾಗ ಒಂದು ಬಾವಿ ಇಲ್ಲ, ಏನಿಲ್ಲ," ಎಂದಳು.

ಅಣ್ಣ ನಕ್ಕ. ತವರುಮನೆ ದಾರಿಯನ್ನು ನೀರು ನಿಂತರೂ ಬಿಡುವವಳಲ್ಲ ನೀನು ಎಂದು ಚುಡಾಯಿಸಿ, ಕೇಬಲ್ಲಿನ ತುದಿಯನ್ನು ಹೆಗಲಿಗೆ ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ಇಳಿದ.

ಅವ್ವ ಹೇಳಿದ್ದು ಸುಳ್ಳಲ್ಲ. ಬೀದಿಯಲ್ಲಿ ಬಾವಿ ಇರಲಿಲ್ಲ. ಆದರೆ ಒಂದು ಕಾಲಕ್ಕೆ ಕರುಗಲ್ಲು ಇತ್ತು, ಊರು ಕಟ್ಟುವಾಗ ಮೊದಲು ನೆಡುವ ಕಲ್ಲು. ಊರು ಬಿಡುವ ದಿನ ಹೆಂಗಸರನ್ನೂ ಮಕ್ಕಳನ್ನೂ ಬಂಡಿ ಹತ್ತಿಸಿ ಮುಂದೆ ಕಳಿಸಿ, ಗಂಡಸರು ಅದನ್ನು ಬುಡಸಮೇತ ಕಿತ್ತಿದ್ದರು. ಕಲ್ಲು ಕಿತ್ತ ಕುಣಿ ಮುಚ್ಚಿದರೆ ಊರನ್ನೇ ಹೂಳಿದಂತೆ ಎಂದು ಹಾಗೇ ಬಿಟ್ಟು ಬಂದಿದ್ದರು. ಹೊಸ ಊರಿನಲ್ಲಿ ನೆಟ್ಟ ಆ ಕಲ್ಲಿಗೆ ಅವ್ವ ಮದುವೆಯಾಗುವವರೆಗೂ ನೀರು ಹಾಕಿ ಕುಂಕುಮ ಹಚ್ಚಿದವಳು. ಕಿತ್ತ ಜಾಗದಲ್ಲಿ ಏನಾಗಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಯಾರು ತಾನೇ ಯೋಚಿಸುತ್ತಾರೆ?

ಕುಣಿಯ ತುಂಬ ಕೆಸರಿತ್ತು. ಅಣ್ಣ ಒಮ್ಮೆಗೇ ತಲೆ ಮುಳುಗುವಷ್ಟು ಹೂತುಹೋದ. ಹಿಂದಿದ್ದವರು ಗಾಬರಿಯಲ್ಲಿ ಕೇಬಲ್ ಹಿಡಿದು ಜಗ್ಗಿದರು. ಜಗ್ಗಿದಷ್ಟೂ ಅದು ಅವನ ಕುತ್ತಿಗೆಗೆ ಬಿಗಿಯಿತು. ಉಸಿರು ನಿಂತವನನ್ನು ದಂಡೆಗೆ ತಂದು ಮಲಗಿಸಿದ ಮೇಲೂ ಅವ್ವ ಅವನ ಬಾಯೊಳಗಿನ ಕೆಸರನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

ಕೆಲಸವೇನೂ ನಿಲ್ಲಲಿಲ್ಲ. ಮಳೆಗಾಲಕ್ಕೆ ಮುಂಚೆ ಕೇಬಲ್ ಅದೇ ಬೀದಿ ಹಿಡಿದು ಆಚೆ ದಂಡೆ ಮುಟ್ಟಿತು. ನಮ್ಮೂರ ಹಿಟ್ಟಿನ ಗಿರಣಿಗೆ ಫೋನು ಬಂತು. ಮೊದಲ ದಿನವೇ ಚಿಕ್ಕವ್ವ ಅವ್ವನನ್ನು ಕರೆಯಿರೆಂದು ಫೋನು ಮಾಡಿದಳು. ನಾನು ಅವ್ವನನ್ನು ಕರೆದೊಯ್ದು ರಿಸೀವರ್ ಕೈಗಿಟ್ಟೆ. ಅವಳು ಕಿವಿಗೆ ಹಚ್ಚಲಿಲ್ಲ.

"ಆ ಕುಣಿ ಹಾದು ಬಂದ ಮಾತು ನನಗ ಬ್ಯಾಡವಾ," ಎಂದಳು. "ದಾರಿ ತೋರಿಸ್ದಾಕಿ ನಾನ ಅಲ್ಲೇನು."

ರಿಸೀವರ್ ನನಗೆ ಕೊಟ್ಟು ಹೊರಗೆ ನಡೆದಳು. ಅದರೊಳಗಿನಿಂದ ಚಿಕ್ಕವ್ವ ಅಕ್ಕಾ, ಅಕ್ಕಾ ಎನ್ನುತ್ತಲೇ ಇದ್ದಳು. ಅವ್ವ ಮನೆಯಲ್ಲಿಲ್ಲವೆಂದು ಹೇಳಿ ಇಟ್ಟುಬಿಟ್ಟೆ.