ಮುಹೂರ್ತವಿದ್ದ ದಿನ ಚಿಕ್ಕಮ್ಮನ ಟೂರು

ಹೋದ ತಿಂಗಳು ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತಾ ಟಿವಿ ನೋಡುತ್ತಿದ್ದೆ. ಐರ್ಲೆಂಡಿನ ಗುಡ್ಡಗಾಡು ತೋರಿಸುತ್ತಿದ್ದರು. ಹಸಿರು ಗುಡ್ಡ, ಅದರ ಬುಡದಲ್ಲಿ ಕೆರೆ, ದಂಡೆಯ ಮೇಲೆ ಯಾವ ಕಾಲದಲ್ಲೋ ಯಾರೋ ನಿಲ್ಲಿಸಿ ಹೋದ ಕಲ್ಲು. ಮಳೆಕೋಟು ತೊಟ್ಟ ಒಬ್ಬಾತ ಆ ಕಲ್ಲನ್ನು ಮುಟ್ಟಿ, ಕಣ್ಣು ಮುಚ್ಚಿಕೊಂಡು, ಉದ್ದಕ್ಕೆ ಉಸಿರು ಎಳೆದ. ನನಗೆ ರೇಗಿತು. “ಅಯ್ಯೋ ಪುಣ್ಯಾತ್ಮ, ಕಲ್ಲು ಮುಟ್ಟೋದಕ್ಕೆ ಅಷ್ಟೊಂದು ಒದ್ದಾಡ್ಬೇಡ. ಸಿರಾಕ್ಕೆ ಬಾ, ಬೇಕಾದಷ್ಟು ತೋರಿಸ್ತೀನಿ” ಎಂದು ಟಿವಿಗೆ ಹೇಳಿದೆ. ಟಿವಿಯ ಜೊತೆ ಜಗಳವಾಡುವ ವಯಸ್ಸು ನನಗೆ ಬಂದಿದೆ. ಎದುರು ಮಾತಾಡುವುದಿಲ್ಲ ಎನ್ನುವುದೊಂದೇ ಅದರ ಒಳ್ಳೆಯ ಗುಣ.

ಆಗಲೇ ಫೋನು ಬಂತು. ಊರಿನಿಂದ ತಮ್ಮನ ಹೆಂಡತಿ ಸರೋಜ. ಕಳ್ಳಂಬೆಳ್ಳ ಹೋಬಳಿಯ ನಮ್ಮ ಹಳ್ಳಿಯ ಕೆರೆ ಎಷ್ಟೋ ವರ್ಷದ ಮೇಲೆ ತುಂಬಿ ಕೋಡಿ ಹರಿಯುತ್ತಿದೆ, ಶುಕ್ರವಾರ ಊರಿನ ಹೆಂಗಸರೆಲ್ಲ ಸೇರಿ ಬಾಗಿನ ಬಿಡುತ್ತಾರೆ ಎಂದಳು. ದನಿಯಲ್ಲಿ ಸಂಭ್ರಮವೋ ಸಂಭ್ರಮ. ಆಮೇಲೆ ದನಿ ಮೆತ್ತಗಾಯಿತು. “ಅಕ್ಕಾ, ನೀವೂ ಬನ್ನಿ. ನಮ್ಮಮ್ಮನೂ ಬರ್ತೈತೆ. ನೀವಿಬ್ರೂ ಹುಣಸೆ ಮರದ ತಾವ ಕುಂತ್ಕಂಡು ಆರಾಮಾಗಿ ನೋಡ್ಬೋದು. ನೀರಿನ್ ತಾವ ನಿಮಗ್ಯಾಕೆ ಸುಮ್ನೆ...” ಎಂದು ಉಳಿದದ್ದನ್ನು ನುಂಗಿಕೊಂಡಳು.

ಅವಳು ನುಂಗಿದ್ದನ್ನು ನಾನು ಹೇಳುತ್ತೇನೆ, ಕೇಳಿ. ನನ್ನ ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಬಾಗಿನವೆಂದರೆ ಮುತ್ತೈದೆಯರ ಹಬ್ಬ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಅಕ್ಕಿ, ಬೆಲ್ಲ, ರವಿಕೆ ಕಣ ಇಟ್ಟು, ಮೇಲೊಂದು ಮೊರ ಮುಚ್ಚಿ ಗಂಗಮ್ಮನಿಗೆ ಬಿಡುವುದು. ಗಂಡ ಸತ್ತವಳು ಅದನ್ನು ಮುಟ್ಟಬಾರದು, ದೂರ ನಿಂತು ಕೈ ಮುಗಿಯಬೇಕು. ಸರೋಜ ಕೆಟ್ಟವಳಲ್ಲ, ಒಳ್ಳೆಯ ಮಾತಿನಲ್ಲೇ ಹೇಳಿದಳು. ಒಳ್ಳೆಯ ಮಾತಿನಲ್ಲಿ ಹೇಳಿದ್ದಕ್ಕೇ ನನಗೆ ಮೈ ಉರಿಯಿತು. “ನೋಡೋಣ ಬಿಡಮ್ಮ” ಎಂದು ಫೋನಿಟ್ಟೆ. ಶುಕ್ರವಾರ ನಾನು ಮರದ ಕೆಳಗೋ, ನೀರಿನ ಹತ್ತಿರವೋ? ಇದೇ ಯೋಚನೆಯಲ್ಲಿ ಮುದ್ದೆ ತಣ್ಣಗಾಯಿತು.

ಇಂಥ ಹೊತ್ತಿನಲ್ಲಿ ಸಿದ್ದಚಿಕ್ಕಮ್ಮ ನೆನಪಾಗದೆ ಇದ್ದರೆ ನಾನು ಮನುಷ್ಯಳೇ ಅಲ್ಲ. ನಮ್ಮ ಚಿಕ್ಕಪ್ಪನ ಹೆಂಡತಿ. ಚಿಕ್ಕಪ್ಪ ಹೋದಾಗ ಅವಳಿಗಿನ್ನೂ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಅಲ್ಲಿಂದಾಚೆಗೆ ಮನೆಯಲ್ಲಿ ಮದುವೆ, ಸೀಮಂತ, ನಾಮಕರಣ ಏನೇ ಇದ್ದರೂ ಅವಳ ಜಾಗ ಹಿತ್ತಿಲ ಕೋಣೆ. ಹಪ್ಪಳ ಕರಿಯುವುದು ಅವಳು, ಒಬ್ಬಟ್ಟು ತಟ್ಟುವುದು ಅವಳು, ಮುಹೂರ್ತದ ಹೊತ್ತಿಗೆ ಕಣ್ಣಿಗೆ ಬೀಳಬಾರದವಳೂ ಅವಳೇ. ಒಂದೆರಡು ಮದುವೆ ನೋಡಿದಳು. ನೋಡಿದಳು ಅಂದರೆ, ವಾಲಗ ಕೇಳಿಸಿಕೊಂಡಳು. ಮೂರನೆಯ ಮದುವೆಯ ದಿನ ಬೆಳಿಗ್ಗೆಯೇ ಎದ್ದು, ಬುತ್ತಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ನಮ್ಮಪ್ಪ ಬಾಗಿಲಲ್ಲಿ ಅಡ್ಡ ನಿಂತು, “ಎಲ್ಲಿಗಮ್ಮಾ?” ಎಂದರು.

“ನನ್ ಮೊಕ ಕಾಣ್ಬಾರ್ದು ಅಂದ್ರಲ್ಲ ಭಾವ, ಕಾಣ್ದಂಗೆ ಹೋಯ್ತಾ ಇವ್ನಿ. ಸಂಜೀಕೆ ಬತ್ತೀನಿ. ಒಬ್ಬಟ್ಟು ನೀವೇ ತಟ್ಕಳಿ.”

ಅವತ್ತಿನಿಂದ ಅದೇ ಪದ್ಧತಿಯಾಯಿತು. ನಂಟರ ಮನೆಯಲ್ಲಿ ಯಾರದಾದರೂ ಮುಹೂರ್ತವಿದ್ದರೆ ಚಿಕ್ಕಮ್ಮನಿಗೆ ಟೂರು. ಲಗ್ನಪತ್ರಿಕೆ ಮನೆಗೆ ಬಂದರೆ ನಾವೆಲ್ಲ ಯಾವ ಸೀರೆ ಉಡುವುದು ಎಂದು ಯೋಚಿಸಿದರೆ ಅವಳು ಯಾವ ಬಸ್ಸು ಹತ್ತುವುದು ಎಂದು ಯೋಚಿಸುತ್ತಿದ್ದಳು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಮದುವೆ ಮನೆಯಲ್ಲಿ “ನಿಂದ್ಯಾವಾಗಮ್ಮ?” ಎಂದು ಕೇಳುವವರ ಕಾಟಕ್ಕಿಂತ ಚಿಕ್ಕಮ್ಮನ ಟೂರೇ ವಾಸಿ ಎಂದು ನಾನೂ ಬೆನ್ನು ಹತ್ತಿದೆ. ಧೈರ್ಯವಲ್ಲ, ಸೋಮಾರಿತನ. ಎಂಜಲೆಲೆ ಎತ್ತುವುದು ತಪ್ಪುತ್ತಿತ್ತು.

ಎಲ್ಲೆಲ್ಲಿ ತಿರುಗಿದೆವು ಅಂತೀರಿ! ಮಧುಗಿರಿಯ ಏಕಶಿಲಾ ಬೆಟ್ಟವನ್ನು ಚಿಕ್ಕಮ್ಮ ಸೀರೆ ಎತ್ತಿ ಕಟ್ಟಿ, ಕೈ ಊರಿ ಊರಿ ಹತ್ತಿದಳು. ಅರ್ಧದಲ್ಲಿ ನಾನು ಕುಸಿದು ಕೂತಾಗ ಮೇಲಿನಿಂದ, “ಲೇ, ಕಾಲೇಜು ಓದಿದ್ ಕಾಲಾ ಅವು? ಎದ್ದೇಳೇ!” ಎಂದು ಇಡೀ ಕೋಟೆಗೆ ಕೇಳುವಂತೆ ಕೂಗಿದಳು. ಪಾವಗಡದ ಬಸ್ಸಿನಲ್ಲಿ ಕಂಡಕ್ಟರು “ಎಕ್ಕಡಿಕಮ್ಮಾ?” ಎಂದು ತೆಲುಗಿನಲ್ಲಿ ಕೇಳಿದರೆ, ಇವಳು ಅಚ್ಚ ಕನ್ನಡದಲ್ಲಿ “ಬೆಟ್ಟ ಎಲ್ಲೈತೋ ಅಲ್ಲಿ ಇಳ್ಸಪ್ಪ” ಎಂದಳು. ಪಾವಗಡದ ದಾರಿಯಲ್ಲಿ ಬೆಟ್ಟವಿಲ್ಲದ ಜಾಗ ಹುಡುಕುವುದು ಕಷ್ಟ. ಆತ ಪಾಪ ತಲೆ ಕೆರೆದುಕೊಂಡ. ಕೊರಟಗೆರೆ ಕಡೆಯ ಕೆರೆ ಏರಿಗಳ ಮೇಲೆ ನಡೆದೆವು. ಸಿರಾದಲ್ಲಿ ಹಳೆಯ ಗೋರಿಯ ತಂಪಿನಲ್ಲಿ ಕೂತು ಹುಚ್ಚೆಳ್ಳು ಪುಡಿ ಹಚ್ಚಿದ ರೊಟ್ಟಿ ತಿಂದೆವು. ಯಾವ ಕೆರೆಗೆ ಹೋದರೂ ಚಿಕ್ಕಮ್ಮ ಮೊದಲು ಬೊಗಸೆಯಲ್ಲಿ ನೀರು ಎತ್ತಿ ಮುಖಕ್ಕೆ ಎರಚಿಕೊಳ್ಳುತ್ತಿದ್ದಳು. “ಇದ್ಕೆ ಯಾರ್ ಮೊಕ ಆದ್ರೂ ಒಂದೇ ನೋಡೇ” ಎನ್ನುತ್ತಿದ್ದಳು.

ಐ.ಡಿ.ಹಳ್ಳಿ ಕಡೆ ಒಂದು ಕೆರೆಯ ಏರಿ. ಊರ ಹೆಸರು ಮರೆತಿದ್ದೇನೆ, ಬೇಲಿ ಮುಳ್ಳು ಕಾಲಿಗೆ ಚುಚ್ಚಿದ್ದು ಮರೆತಿಲ್ಲ. ಆ ಮುಳ್ಳಿನ ಮಧ್ಯೆ ಒಂದು ಕಲ್ಲು ನಿಂತಿತ್ತು. ಕಲ್ಲಿನಲ್ಲಿ ಕಂಬ, ಕಂಬದಿಂದ ಹೊರಟ ಒಂದೇ ಒಂದು ತೋಳು. ಮೊಣಕೈ ಮಡಚಿ, ಅಂಗೈ ಮೇಲೆತ್ತಿದೆ. ಮಣಿಕಟ್ಟಿನ ತುಂಬ ಬಳೆ. ನಾನು ಓದಿದವಳಲ್ಲವೇ, ಗತ್ತಿನಿಂದ ವಿವರಿಸಿದೆ: “ಇದು ಮಾಸ್ತಿಕಲ್ಲು ಚಿಕ್ಕಮ್ಮ. ಗಂಡ ಸತ್ತಾಗ ಜೊತೆಗೇ ಬೆಂಕಿಗೆ ಬಿದ್ದ ಹೆಂಗಸಿನ ನೆನಪಿಗೆ ನೆಟ್ಟಿದ್ದು.”

ಚಿಕ್ಕಮ್ಮ ಸೆರಗು ಸರಿಸಿ, ತನ್ನ ಬರಿಗೈಯನ್ನು ಆ ಕಲ್ಲಿನ ಕೈಯ ಪಕ್ಕಕ್ಕೆ ಹಿಡಿದಳು. ಅದೇ ಉದ್ದ, ಅದೇ ದಪ್ಪ. “ಸತ್ತೋಳ್ ಕೈಗೆ ಬಳೆ ಅವೆ” ಎಂದಳು. “ಬದುಕಿರೋಳ್ ಕೈಗೆ ಇಲ್ಲ. ಇದ್ಯಾವ್ ನ್ಯಾಯಾನೇ?” ನನ್ನ ಓದು ಅಲ್ಲಿಗೆ ಮುಗಿಯಿತು. ಮುಂದೆ ನಾನು ಸಿರಾದ ಶಾಲೆಯಲ್ಲಿ ಸಮಾಜ ಪಾಠ ಹೇಳುವ ಟೀಚರಾದೆ. ಸಹಗಮನ ನಿಂತು ಎಷ್ಟೋ ಕಾಲವಾಯಿತು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದೆ. ಬರೆಯುವಾಗಲೆಲ್ಲ ಈ ಪ್ರಶ್ನೆಯನ್ನು ಯಾವ ಮಗುವೂ ಕೇಳದಿರಲಪ್ಪಾ ಎಂದು ಹೆದರುತ್ತಿದ್ದೆ.

ಆ ಕಲ್ಲು ನೋಡಿ ಬಂದ ವರ್ಷವೇ ನಮ್ಮೂರ ಕೆರೆ ತುಂಬಿತು. ನಮ್ಮಲ್ಲೂ ಕೋಡಿಯ ಪಕ್ಕ ಅಂಥದೇ ಕಲ್ಲೊಂದಿದೆ, ಊರವರಿಗೆ ಅದು ಮಾಸ್ತಮ್ಮ. ಬಾಗಿನ ಬಿಡುವ ಮುಂಚೆ ಮೊದಲ ಅರಿಶಿನ ಕುಂಕುಮ ಅವಳಿಗೆ, ಮೊದಲ ಹಸಿರು ಬಳೆ ಅವಳ ಬುಡಕ್ಕೆ. ಪೂಜೆ ನಡೆಯುತ್ತಿತ್ತು. ಗಂಡ ಸತ್ತವರೆಲ್ಲ ಹುಣಸೆ ಮರದ ಕೆಳಗೆ. ಅವರ ಮಧ್ಯದಿಂದ ಚಿಕ್ಕಮ್ಮ ಎದ್ದು, ಸೆರಗಿನ ಮರೆಯಲ್ಲಿ ತಂದಿದ್ದ ಮೊರ ಹಿಡಿದು ಸೀದಾ ಕಲ್ಲಿನ ಹತ್ತಿರ ಬಂದಳು. ಪೂಜೆ ಮಾಡುತ್ತಿದ್ದ ಅಜ್ಜಿಯನ್ನು ಕೇಳಿದಳು, “ಅಜ್ಜೀ, ಈ ಮಾಸ್ತಮ್ಮನ್ ಗಂಡ ಅವ್ನೇನಜ್ಜಿ?”

“ಎಲ್ಲವ್ನೆ? ಯುದ್ಧದಾಗೆ ಸತ್ತೋದ. ಅದ್ಕೇ ಅಲ್ವಾ ಅವ್ವ ಬೆಂಕಿಗೆ ಬಿದ್ದಿದ್ದು.”

“ಅಂಗಾದ್ರೆ ಇವ್ಳೂ ಗಂಡ ಸತ್ತೋಳೇ. ಇವ್ಳಿಗೆ ಮೊದ್ಲು ಪೂಜೆ. ನಂಗ್ಯಾಕೆ ಮರದ ಬುಡ? ಬೆಂಕಿಗೆ ಬೀಳ್ನಿಲ್ಲ ಅಂತ್ಲಾ?”

ಅಜ್ಜಿಯ ಕೈಯಲ್ಲಿದ್ದ ಕುಂಕುಮದ ಬಟ್ಟಲು ಹಾಗೇ ನಿಂತಿತು. ಸುತ್ತ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು, ದಾರಿ ಸಿಕ್ಕಿತು ಅನ್ನಿ. ಚಿಕ್ಕಮ್ಮ ನೀರಿಗಿಳಿದು, ಮೊರ ಬಿಟ್ಟು, ಕೈ ಮುಗಿದು ಬಂದಳು. ಆಮೇಲೆ ಶುರುವಾಯಿತು ನೋಡಿ ರಂಪ. ಏರಿ ಒಡೆಯುತ್ತದೆ ಎಂದರು. ಗಂಡಸರು ಸರದಿಯ ಮೇಲೆ ಏರಿ ಕಾದರು. ಏರಿ ತನ್ನ ಪಾಡಿಗೆ ತಾನಿತ್ತು, ಗದ್ದೆ ಎರಡು ಬೆಳೆ ಕೊಟ್ಟಿತು. ನಮ್ಮಪ್ಪ ಮಾತ್ರ ಯುಗಾದಿಯವರೆಗೆ ಅವಳೊಡನೆ ಮಾತು ಬಿಟ್ಟರು.

ಆಮೇಲೆ ಎಷ್ಟೋ ವರ್ಷ ಕೆರೆ ಮತ್ತೆ ತುಂಬಲಿಲ್ಲ. ಈ ಕಡೆ ಕೆರೆಗಳು ತುಂಬುವುದೇ ಅಪರೂಪ ಎನ್ನುವುದು ಎಲ್ಲರಿಗೂ ಗೊತ್ತು. ಆದರೂ ಒಬ್ಬರ ತಲೆಗೆ ಕಟ್ಟಬೇಕಲ್ಲ! ಸಿದ್ದಮ್ಮ ಬಾಗಿನ ಬಿಟ್ಟಳು, ಗಂಗಮ್ಮ ಮುನಿಸಿಕೊಂಡಳು ಎಂದು ಬಾವಿಕಟ್ಟೆಯಲ್ಲಿ, ಅಂಗಡಿಯ ಮುಂದೆ ಎಲ್ಲ ಕಡೆ ಆಡಿಕೊಂಡರು. ಒಬ್ಬ ಎದುರಿಗೇ ಅಂದ. ಚಿಕ್ಕಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ನನ್ ಕೈನಾಗೆ ಮಳೆ ನಿಲ್ಸೋ ಅಷ್ಟು ಶಕ್ತಿ ಇದ್ರೆ, ನಿನ್ ಬಾಯಿ ನಿಲ್ಸಕಾಗಲ್ವೇನ್ಲಾ?” ಎಂದಳು. ಜನ ನಕ್ಕರು. ಅವಳೂ ನಕ್ಕಳು. ಆದರೆ ಮನೆಗೆ ಬಂದು ಒಲೆ ಮುಂದೆ ಅತ್ತಳು, ನಾನು ಕಂಡಿದ್ದೇನೆ. ಸಾಯುವ ತನಕ ಆ ಮಾತು ಅವಳ ಬೆನ್ನು ಬಿಡಲಿಲ್ಲ. ನನಗೆ ಇವತ್ತಿಗೂ ಆ ಊರಿನ ಮೇಲೆ ಅದಕ್ಕೇ ಸಿಟ್ಟು.

ಗುರುವಾರ ನಾನು ಸಿರಾ ಪೇಟೆಗೆ ಹೋಗಿ, ನನ್ನ ಮದುವೆಗೆ ಬಳೆ ತೊಡಿಸಿದ ಜೈನಬ್ ಆಪಾಳ ಮುಂದೆ ಕೂತು ಕೈ ಚಾಚಿದೆ. ಆಕೆ ಕನ್ನಡಕ ಮೇಲೆತ್ತಿ ನೋಡಿದಳು. “ಟೀಚರಮ್ಮಾ, ನಿಮ್ಮೋರು ಏನಂತಾರೆ?”

“ನಮ್ಮೋರು ಏನೂ ಅನ್ನಲ್ಲ ಆಪಾ, ತೀರ್ಕೊಂಡಿದ್ದಾರೆ. ಮಿಕ್ಕೋರು ಅಂದೇ ಅಂತಾರೆ.”

“ಅರೆ ಅಲ್ಲಾ!” ಎಂದು ಆಪಾ ನಕ್ಕಳು, ತಕ್ಷಣ ನಗು ನಿಲ್ಲಿಸಿ ಕಣ್ಣು ಒರೆಸಿಕೊಂಡಳು. “ಕೈ ಗಟ್ಟಿ ಆಗಿಬಿಟ್ಟಿದೆ. ದರ್ದ್ ಆಗ್ತದೆ.”

“ಆಗ್ಲಿ, ಹಾಕು.”

ನೋವಾಯಿತು, ಸುಳ್ಳು ಯಾಕೆ ಹೇಳಲಿ? ಗೆಣ್ಣು ಕೆಂಪಗಾಯಿತು. ಬಸ್ಸಿನಲ್ಲಿ ಬರುವಾಗ ಸೆರಗಿನೊಳಗೆ ಕೈ ಮುಚ್ಚಿಕೊಂಡಿದ್ದೆ. ನಾನೇನು ಸಿದ್ದಚಿಕ್ಕಮ್ಮನಲ್ಲ. ಮಕ್ಕಳನ್ನು ಗದರಿಸಿ ರೂಢಿಯೇ ಹೊರತು ಊರನ್ನು ಎದುರು ಹಾಕಿಕೊಂಡು ರೂಢಿಯಿಲ್ಲ.

ಶುಕ್ರವಾರ ಕೋಡಿಯ ಹತ್ತಿರ ಕಾಲಿಡಲು ಜಾಗವಿಲ್ಲ. ಮಾಸ್ತಮ್ಮನಿಗೆ ಪೂಜೆಯಾಯಿತು. ಮರದ ಕೆಳಗೆ ಸರೋಜಳ ತಾಯಿ ಬಿಳಿ ಸೀರೆ ಸೆರಗನ್ನು ಮೊಣಕಾಲಿಗೆ ಸುತ್ತಿಕೊಂಡು ಕೂತಿದ್ದರು, ಪಕ್ಕದಲ್ಲಿ ನನಗೊಂದು ಚಾಪೆ ಹಾಸಿತ್ತು. ನಾನು ಕೂರಲಿಲ್ಲ. ಚೀಲದಿಂದ ಮೊರ ತೆಗೆದೆ. ಬಳೆ ಸದ್ದಾಯಿತು. ಸರೋಜ ಓಡಿ ಬಂದು ನನ್ನ ರಟ್ಟೆ ಹಿಡಿದಳು. “ಅಕ್ಕಾ, ಬ್ಯಾಡಿ. ಆಮ್ಯಾಕೆ ಮಳೆ ಹೋದ್ರೆ ನಿಮ್ನೇ ಅಂತಾರೆ. ಆಯಮ್ಮಂಗೆ ಅಂದ್ರಲ್ಲ, ಅಂಗೇ ಅಂತಾರೆ ಕಣಕ್ಕಾ.” ಅವಳ ಕಣ್ಣಲ್ಲಿ ನೀರಿತ್ತು. ಅವಳಿಗಿದ್ದದ್ದು ಭಯ, ನನಗೇನಾಗುತ್ತದೋ ಎಂಬ ಭಯ. ಅದು ನನಗೆ ಆಗಲೇ ಗೊತ್ತಾಗಿದ್ದು.

“ಅನ್ನಲಿ ಸರೋಜ. ಅವಳೊಬ್ಬಳೇ ಅನ್ನಿಸಿಕೊಂಡು ಸತ್ತಳು” ಎಂದೆ. ಮರದ ಕಡೆ ತಿರುಗಿ ಕೇಳಿದೆ, “ಅಮ್ಮಾ, ಮೊರಕ್ಕೆ ಇನ್ನೊಂದು ಕೈ ಬೇಕು. ಬರ್ತೀರಾ?”

ಸರೋಜಳ ತಾಯಿ ಮಗಳ ಮುಖ ನೋಡಿದರು. ಆಮೇಲೆ ನೆಲಕ್ಕೆ ಕೈ ಊರಿ ಎದ್ದರು. ಅವರು ಬಂದು ಮೊರದ ಇನ್ನೊಂದು ಅಂಚು ಹಿಡಿದಾಗ ಹಿಂದಿನಿಂದ ಯಾರೋ “ಏನಿದು ಅನ್ಯಾಯ!” ಎಂದರು. ಇಬ್ಬರೂ ನೀರಿಗೆ ಹೆಜ್ಜೆಯಿಟ್ಟೆವು. ಪಾಚಿಗಲ್ಲು. ಮುದುಕಿಯ ಕಾಲು ಜಾರಿತು. ನನ್ನ ರಟ್ಟೆ ಹಿಡಿದಿದ್ದ ಸರೋಜ ಅದನ್ನು ಬಿಟ್ಟು, ನೀರಿಗಿಳಿದು, ತಾಯಿಯ ಸೊಂಟ ಬಳಸಿ ಹಿಡಿದಳು.

“ಮೆಲ್ಲಕ್ ಬುಡವ್ವಾ” ಎಂದಳು. “ನಾನ್ ಹಿಡ್ಕಂಡಿವ್ನಿ.”

ಮೊರ ತೇಲಿತು. ಮುಂದಿನ ವರ್ಷ ಮಳೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬರದಿದ್ದರೆ ಬೈಯಲು ಬರುವವರು ಬರಲಿ, ಈ ಸಲ ನಮ್ಮ ಮೂವರ ಮನೆ ಬಾಗಿಲೂ ತಟ್ಟಬೇಕಾಗುತ್ತದೆ.