ದಮಯಂತಿ ಟೀಚರ್ ಕಲಿಸಿದ ಎಂಜಲಿನ ಪಾಠ

ಬೊಕ್ಕಪಟ್ಣದ ದೂಮಕ್ಕನ ಮನೆತನ ಅಂದರೆ ಒಂದು ಕಾಲದಲ್ಲಿ ಕಡಲಿಗೂ ಗುರುತಿತ್ತು. ದೂಮಕ್ಕನ ಅಣ್ಣ ಪೂವಪ್ಪ ದೋಣಿ ನಡೆಸುವ ತಂಡೇಲ. ಹಂಚು ಹೇರಿಕೊಂಡು ಹೊರಟ ಮಂಜಿ ಎಂಬ ಹಾಯಿಹಡಗೊಂದು ಚುಕ್ಕಾಣಿ ಮುರಿದು ಅಳಿವೆಯ ಬಾಯಲ್ಲಿ ಬುಗುರಿಯ ಹಾಗೆ ತಿರುಗುತ್ತಿದ್ದಾಗ, ನಾಲ್ಕೇ ಜನರ ದೋಣಿಯಲ್ಲಿ ಹೋಗಿ ಹಗ್ಗ ಹಾಕಿ ಎಳೆದು ತಂದವನು. ಮಂಜಿಯ ಹನ್ನೊಂದು ಜೀವ ಉಳಿದವು, ಪೂವಪ್ಪನ ಬಲಗೈಯ ಎರಡು ಬೆರಳು ಹಗ್ಗದೊಂದಿಗೇ ಹೋದವು. ದೂಮಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು ಮೂವತ್ತು ವರ್ಷ ಉರ್ವದ ದೊಡ್ಡ ಮನೆಗಳ ಹಿಂಬಾಗಿಲಿಗೆ ಮೀನು ಕೊಟ್ಟವಳು. ಸಿಡುಬು ಬಂದ ವರ್ಷ ಆ ಮನೆಗಳಲ್ಲೊಂದರ ಬಾಣಂತಿಯನ್ನು ನೆಂಟರೆಲ್ಲ ಬಿಟ್ಟು ಓಡಿದಾಗ, ಹಿಂಬಾಗಿಲಿನಿಂದಲೇ ಒಳಗೆ ಹೋಗಿ ಒಂಬತ್ತು ದಿನ ಗಂಜಿ ಬೇಯಿಸಿ ಕುಡಿಸಿದಳು. ತಾಯಿಯೂ ಬದುಕಿದಳು, ಕೂಸೂ ಬದುಕಿತು. ಹತ್ತನೆಯ ದಿನ ದೂಮಕ್ಕ ಮತ್ತೆ ಹೊರಗೆ ನಿಂತೇ ಮೀನು ಕೊಟ್ಟಳು.

ಅವರು ಮೊಗವೀರರು, ಕಡಲ ಮೀನುಗಾರರು. ಅವರಲ್ಲಿ ಮನೆತನ ಹರಿಯುವುದು ತಾಯಿಯ ಕಡೆಯಿಂದ. ದೂಮಕ್ಕನ ಮಗಳು ಅಪ್ಪಿ, ಅಪ್ಪಿಯ ಮಗಳು ದಮಯಂತಿ. ಸೋದರಮಾವ ಸೇಸಪ್ಪ ಹಠ ಹಿಡಿದು ಅವಳನ್ನು ಓದಿಸಿದ. ಹುಡುಗಿ ಬುಟ್ಟಿ ಹೊರುವುದು ಬಿಟ್ಟು ಪುಸ್ತಕ ಹೊತ್ತರೆ ಮೀನು ಬಲೆಗೆ ತಾನೇ ಬಂದು ಬೀಳುತ್ತದೆಯೋ ಎಂದು ಕೇರಿಯವರು ಕುಟುಕಿದಾಗ, ಮೀನಿಗೆ ಬುದ್ಧಿ ಇದ್ದರೆ ಅವಳ ಕ್ಲಾಸಿಗೇ ಬಂದು ಕೂರುತ್ತದೆ ಎಂದನಂತೆ. ದಮಯಂತಿ ಟೀಚರ್ ಟ್ರೈನಿಂಗ್ ಮುಗಿಸಿ ೧೯೫೭ರಲ್ಲಿ ಉರ್ವದ ಹತ್ತಿರದ ಒಂದು ಶಾಲೆಗೆ ಬಂದಳು. ತಾತ್ಕಾಲಿಕ ಹುದ್ದೆ, ಮುಂದೆ ಖಾಯಂ ಮಾಡುತ್ತೇವೆಂಬ ಮಾತು.

ನಾನು ಆ ಶಾಲೆಯಲ್ಲಿ ಬೆಲ್ಲು ಹೊಡೆಯುವವನು. ನಾಲ್ಕನೆಯ ಕ್ಲಾಸಿಗೆ ನಿಂತಿದ್ದ ನನ್ನ ಓದು ಅವಳ ಕ್ಲಾಸಿನ ಜಗಲಿಯಲ್ಲೇ ಮುಂದುವರಿಯಿತು. ಹಾಗಾಗಿ ಆ ದಿನದ ಪಾಠ ನನಗೆ ಅಕ್ಷರಕ್ಕಕ್ಷರ ನೆನಪುಂಟು.

೧೯೬೧ರ ಡಿಸೆಂಬರ್. ಎಂಟನೆಯ ಕ್ಲಾಸು. ರಾಜ್ಯ ಒಂದಾದ ಮೇಲೆ ಬಂದ ಹೊಸ ಪುಸ್ತಕದಲ್ಲಿ, ಲಾಲಾರಸದ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ವಿಭಜಿಸುತ್ತದೆ ಎಂದು ಒಂದು ಸಾಲು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಮಕ್ಕಳಿಗೆ ಅದು ಕಬ್ಬಿಣದ ಕಡಲೆ. ಲಾಲಾರಸ ಎಂದರೆ ಎಂತ ಎಂದು ಟೀಚರ್ ಕೇಳಿದ್ದಕ್ಕೆ ವಿಲ್ಲಿ ಎಂಬ ಪೋಕರಿ ಎದ್ದು, "ಲಾಲಾ ಎನ್ನುವ ಸೇಟು ಮಾರುವ ಶರಬತ್ತು ಟೀಚರ್" ಅಂದ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ದಮಯಂತಿಯೂ ನಕ್ಕಳು. ಆಮೇಲೆ ಹಲಗೆಯ ಮೇಲಿದ್ದ ದೊಡ್ಡ ಪದವನ್ನು ಒರಸಿ, ಅಲ್ಲಿ ಎಂಜಲು ಎಂದು ಬರೆದಳು.

"ಹುಣಸೆಹಣ್ಣು ಕಂಡಾಗ ನಿನ್ನ ಬಾಯಲ್ಲಿ ಬರ್ತದಲ್ಲ ಮಾರಾಯ, ಅದು."

ಆ ಒಂದು ಪದವೇ ಅವಳನ್ನು ತಿಂದದ್ದು. ಆದರೆ ಆ ಗಳಿಗೆಯಲ್ಲಿ ಮೂವತ್ತೆರಡು ಮಕ್ಕಳ ಮುಖದಲ್ಲಿ ದೀಪ ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವಳು ಎರಡು ಗಾಜಿನ ನಳಿಗೆಗಳಲ್ಲಿ ಗಂಜಿ ತಿಳಿ ಹಾಕಿದಳು. ಒಂದಕ್ಕೆ ಅಯೋಡಿನ್ ಬಿಟ್ಟಾಗ ಕಡುನೀಲಿಯಾಯಿತು. ಇನ್ನೊಂದಕ್ಕೆ ತನ್ನದೇ ಎಂಜಲು ಸೇರಿಸಿ, ಬೆಚ್ಚಗಿರಲೆಂದು ಕಂಕುಳಲ್ಲಿ ಇಟ್ಟುಕೊಂಡು ಹದಿನೈದು ನಿಮಿಷ ಪಾಠ ಹೇಳಿದಳು. ಅನ್ನದ ಪಿಷ್ಟ ಎಂದರೆ ಗಂಟು ಗಂಟು ಹಾಕಿದ ಬಲೆ. ಬಲೆ ಇಡಿಯಾಗಿದ್ದರೆ ರಕ್ತಕ್ಕೆ ಇಳಿಯುವುದಿಲ್ಲ. ಕಿಣ್ವ ಎಂಬುದು ಒಂದೊಂದೇ ಗಂಟು ಬಿಡಿಸುವ ಕೈ. ಒಂದು ಬಿಡಿಸಿ ಇನ್ನೊಂದಕ್ಕೆ ಹೋಗುತ್ತದೆ, ತಾನು ಸವೆಯುವುದಿಲ್ಲ. ಆದರೆ ಅನ್ನದ ಗಂಟು ಬಿಡಿಸುವ ಕೈಗೆ ಮೀನಿನ ಗಂಟು ಬಾರದು. ಅದಕ್ಕೆ ಹೊಟ್ಟೆಯಲ್ಲಿ ಬೇರೆಯೇ ಕೈ ಉಂಟು. ನೆಲ್ಲಿ ಎಂಬ ಹುಡುಗಿ, ತಮ್ಮ ಮನೆಯಲ್ಲಿ ಹಂದಿಮಾಂಸಕ್ಕೆ ಕಾಯಿ ಪಪ್ಪಾಯಿ ಹಾಕಿದರೆ ಬೇಗ ಮೆತ್ತಗಾಗುತ್ತದೆ ಎಂದಳು. ಪಪ್ಪಾಯಿಯ ಹಾಲಿನಲ್ಲೂ ಅಂಥ ಕೈ ಉಂಟು ಎಂದು ದಮಯಂತಿ ಅವಳ ಬೆನ್ನು ತಟ್ಟಿದಳು. ಹೊಟ್ಟೆ ತುಂಬ ತಿಂದು ಬಲೆಗೆ ಬಿದ್ದ ಬೂತಾಯಿ ಮೀನಿನ ಹೊಟ್ಟೆಯೇ ಮೊದಲು ಒಡೆಯುವುದು ಯಾಕೆ ಎಂದು ಕೇಳಿ, ಉತ್ತರವನ್ನೂ ಅವಳೇ ಹೇಳಿದಳು. ಒಳಗಿನ ಕಿಣ್ವಕ್ಕೆ ಯಜಮಾನ ಸತ್ತ ಸುದ್ದಿ ಮುಟ್ಟಿರುವುದಿಲ್ಲ. ಅದು ಕೆಲಸ ನಿಲ್ಲಿಸದೆ ಅವನ ಹೊಟ್ಟೆಯನ್ನೇ ಕರಗಿಸುತ್ತದೆ.

ಕಂಕುಳಿನಿಂದ ತೆಗೆದ ನಳಿಗೆಗೆ ಅಯೋಡಿನ್ ಬಿಟ್ಟಳು. ನೀಲಿ ಬರಲಿಲ್ಲ. ಹಿಂದಿನ ಬೆಂಚಿನವರು ಎದ್ದು ನಿಂತರು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತೋ ಏನೋ. ಅವಳು ಮನೆಯಿಂದ ತಂದ ಡಬ್ಬಿ ಬಿಚ್ಚಿ, ಕುಚಲಕ್ಕಿ ಅನ್ನವನ್ನು ಒಂದೊಂದು ಚಮಚ ಬಾಳೆಲೆ ಚೂರಿನಲ್ಲಿ ಎಲ್ಲರಿಗೂ ಕೊಟ್ಟಳು. ನುಂಗದೆ ನೂರು ಎಣಿಸುವವರೆಗೆ ಜಗಿಯಬೇಕು. ಮಕ್ಕಳು ಜಗಿದರು. ಎಂಬತ್ತು ಎಣಿಸುವಷ್ಟರಲ್ಲಿ ವಾರಿಜಾ ಎಂಬ ಹುಡುಗಿ ಕೈ ಎತ್ತಿ, ಸಿಹಿ ಬಂತು ಟೀಚರ್ ಎಂದಳು. ವಾರಿಜಾ ಶಾಲೆ ನಡೆಸುವ ಸಂಚಾಲಕರ ಮೊಮ್ಮಗಳು.

ಆ ಮಗು ಮನೆಗೆ ಹೋಗಿ ಊಟಕ್ಕೆ ಕೂತು ಜಗಿದೇ ಜಗಿಯಿತಂತೆ. ಯಾಕೆಂದು ಕೇಳಿದ್ದಕ್ಕೆ, ಎಂಜಲು ಸೇರಿದರೆ ಅನ್ನ ಸಿಹಿಯಾಗುತ್ತದೆ, ಟೀಚರ್ ಕೊಟ್ಟರು, ನಾನು ತಿಂದು ನೋಡಿದೆ ಎಂದಿತು. ಮಗು ಹೇಳಿದ್ದು ಸರಿಯೇ. ಬಡಿಸುತ್ತಿದ್ದವರ ಕಿವಿಗೆ ಬಿದ್ದದ್ದು, ಟೀಚರ್ ಎಂಜಲನ್ನ ತಿನ್ನಿಸಿದಳು ಎಂದು. ಸಂಜೆಯೊಳಗೆ ಉರ್ವದ ಮಾರ್ಕೆಟ್ಟಿನಲ್ಲಿ, ಮೀನಿನವಳು ತಾನು ಉಂಡು ಬಿಟ್ಟದ್ದನ್ನು ಮಕ್ಕಳ ಬಾಯಿಗೆ ಇಟ್ಟಳು ಎಂದಾಗಿತ್ತು.

ಮರುದಿನ ಹೆಡ್‌ಮಾಸ್ಟರ ಕೋಣೆಯಲ್ಲಿ ವಿಚಾರಣೆ. ಹೆಡ್‌ಮಾಸ್ಟರು ರಾಫೆಲ್ ಮಾಸ್ಟ್ರು ಒಳ್ಳೆಯವರೇ. ಆದರೆ ಒಳ್ಳೆಯತನಕ್ಕೆ ಬೆನ್ನುಮೂಳೆ ಬೇಡವೇ? ಕುರ್ಚಿಯಲ್ಲಿ ಸಂಚಾಲಕರು ಕೂತಿದ್ದರು. ದಮಯಂತಿ ಅಯೋಡಿನ್ ಬಾಟಲಿ, ಡಬ್ಬಿ, ನಳಿಗೆ ಎಲ್ಲ ಹಿಡಿದುಕೊಂಡೇ ಬಂದಿದ್ದಳು, ಒಮ್ಮೆ ಮಾಡಿ ತೋರಿಸಿದರೆ ಅರ್ಥವಾಗುತ್ತದೆ ಎಂದು.

"ನಿನ್ನ ವಿಜ್ಞಾನ ಆಚೆ ಇಡು," ಎಂದರು ಸಂಚಾಲಕರು. "ಅನ್ನ ಯಾರ ಮನೆದು?"

"ನನ್ನ ಮನೆದು."

"ಅಷ್ಟು ಸಾಕು."

ಜಗಲಿಯಲ್ಲಿ ನೀನಿದ್ದೆಯಲ್ಲ, ಏನು ಕಂಡೆ ಎಂದು ನನ್ನನ್ನೂ ಕರೆದು ಕೇಳಿದರು. ನಾನು ಬೆಲ್ಲಿನ ಹತ್ತಿರ ಇದ್ದೆ ಎಂದೆ. ಹೊಟ್ಟೆಪಾಡಿನ ನಾಲಿಗೆ. ದಮಯಂತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಶಾಲೆಯ ದಾಖಲೆ ಬರೆಯುವ ಲಾಗ್ ಬುಕ್ಕಿನಲ್ಲಿ ರಾಫೆಲ್ ಮಾಸ್ಟ್ರು ಬರೆದರು: ವಿದ್ಯಾರ್ಥಿಗಳಿಗೆ ಎಂಜಲು ಅನ್ನ ತಿನ್ನಿಸಿದ ಕಾರಣ ಹೊಸ ವರ್ಷದಿಂದ ಸೇವೆಯಲ್ಲಿ ಮುಂದುವರಿಸುವುದಿಲ್ಲ. ಓದಿ ಹೇಳಿದಾಗ ದಮಯಂತಿ ಅತ್ತಳೆಂದು ಆಮೇಲೆ ಕೆಲವರು ಕಥೆ ಕಟ್ಟಿದರು. ನಾನು ಬಾಗಿಲಲ್ಲೇ ಇದ್ದವನು. ಅವಳು ಅಳಲಿಲ್ಲ.

"ಎಂಜಲು ಅಂತ ಬರಿಬೇಡಿ ಮಾಸ್ಟ್ರೇ, ಅದು ಸುಳ್ಳು," ಎಂದಳು. "ಮೊಗವೀರರ ಮನೆಯ ಅನ್ನ ತಿನ್ನಿಸಿದ್ದಕ್ಕೆ ಅಂತ ಬರಿರಿ. ಅದು ಸತ್ಯ. ಅದಕ್ಕೆ ನಾನೇ ಸೈನ್ ಹಾಕ್ತೇನೆ."

ಹಾಗೆ ಜಾತಿ ಎತ್ತಿ ಬರೆದರೆ ನಾಳೆ ಶಾಲೆಗಳ ಇನ್ಸ್‌ಪೆಕ್ಟರರ ಕಣ್ಣಿಗೆ ಬೀಳುತ್ತದೆ. ಸಂಚಾಲಕರು ಎದ್ದು ಹೋದರು, ಸಾಲು ಹಾಗೇ ಉಳಿಯಿತು. ಸಂಜೆ ರಾಫೆಲ್ ಮಾಸ್ಟ್ರು ತಾವೇ ಅವಳ ಹೆಸರಿನಲ್ಲಿ ಒಂದು ಕ್ಷಮಾಪಣೆಯ ಕಾಗದ ಬರೆದು, ಸೈನ್ ಹಾಕಿಸಲು ಅವಳ ಮನೆಗೆ ಒಯ್ದರು. ಅಜ್ಞಾನದಿಂದ ತಪ್ಪು ಮಾಡಿದ್ದೇನೆ ಎಂದಿತ್ತು ಅದರಲ್ಲಿ. ಅಜ್ಞಾನ ಎಂಬ ಪದದ ಕೆಳಗೆ ಒಂದು ಗೆರೆ ಎಳೆದು, ಸೈನ್ ಹಾಕದೆ ವಾಪಸು ಕೊಟ್ಟಳು.

ಸಿಡುಬಿನ ವರ್ಷ ದೂಮಕ್ಕನ ಗಂಜಿಯಿಂದ ಉಳಿದ ಕೂಸು ಇದೇ ಸಂಚಾಲಕರು. ಹಳಬರಿಗೆಲ್ಲ ಗೊತ್ತಿತ್ತು, ದಮಯಂತಿಗೂ ಗೊತ್ತಿತ್ತು. ಆ ಕೋಣೆಯಲ್ಲಿ ಅವಳು ಅದನ್ನು ಎತ್ತಲಿಲ್ಲ. ಉಣಿಸಿದ್ದನ್ನು ಎಣಿಸಬಾರದು ಎಂಬುದು ಆ ಮನೆಯ ರೀತಿ.

ಆ ಸಾಲು ಅವಳ ಬೆನ್ನು ಬಿಡಲಿಲ್ಲ. ಬಜಪೆಯ ಶಾಲೆಯೊಂದು ಕರೆದು, ಹಳೆ ಶಾಲೆಗೆ ಕಾಗದ ಹಾಕಿ ವಿಚಾರಿಸಿ, ಸುಮ್ಮನಾಯಿತು. ಇನ್ನೆರಡು ಶಾಲೆಗಳೂ ಹಾಗೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರನೆಯ ವರ್ಷ ಸೇಸಪ್ಪ ತೀರಿಕೊಂಡ. ದಮಯಂತಿ ಅಜ್ಜಿಯ ಬುಟ್ಟಿ ತಲೆಗೇರಿಸಿಕೊಂಡು ಉರ್ವದ ಮಾರ್ಕೆಟ್ಟಿಗೆ ಬಂದಳು. ಆದರೆ ಯಾರ ಮನೆಯ ಹಿಂಬಾಗಿಲಿಗೂ ಹೋಗಲಿಲ್ಲ. ಬೇಕಾದವರು ಮಾರ್ಕೆಟ್ಟಿಗೆ ಬರಲಿ ಎಂದಳು. ಪಕ್ಕದಲ್ಲಿ ಒಣಮೀನು ಮಾರುವ ಉಮರಬ್ಬ ಅವಳನ್ನು ಕಡೆಯವರೆಗೂ ಟೀಚರ್ ಎಂದೇ ಕರೆದ. ಸಂಚಾಲಕರ ಮನೆಯ ಆಳು ಬಂದು ಅವಳ ಹತ್ತಿರವೇ ಮೀನು ಒಯ್ಯುತ್ತಿದ್ದ. ಮೀನಿಗೆ ಮೈಲಿಗೆ ಇಲ್ಲ, ಅನ್ನಕ್ಕೆ ಮಾತ್ರ ಉಂಟು. ಈ ಕಿಣ್ವ ಯಾವ ಹೊಟ್ಟೆಯದೆಂದು ನನಗೆ ಇಂದಿಗೂ ತಿಳಿದಿಲ್ಲ.

೧೯೬೮ರಲ್ಲಿ ಸಂಚಾಲಕರು ತೀರಿಹೋಗಿ ಅವರ ಮಗ ಆ ಜಾಗಕ್ಕೆ ಬಂದ. ಅದೇ ವರ್ಷ ಮೊಮ್ಮಗಳು ವಾರಿಜಾ ಬಿ.ಎಸ್ಸಿ. ಮುಗಿಸಿದ್ದಳು. ಒಂದು ಬೆಳಿಗ್ಗೆ ಅವಳು ಮಾರ್ಕೆಟ್ಟಿಗೆ ಬಂದು, ದಮಯಂತಿಯ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ದಾರಿ ತೋರಿಸಲು ಹೋದವನು ನಾನು. ಶಾಲೆಯಲ್ಲಿ ವಿಜ್ಞಾನದ ಹುದ್ದೆ ಖಾಲಿ ಇದೆ, ಖಾಯಂ ಹುದ್ದೆ, ಅಪ್ಪನನ್ನು ಒಪ್ಪಿಸಿದ್ದೇನೆ, ನಾಳೆಯೇ ಬನ್ನಿ ಎಂದು ಕೈ ಹಿಡಿದು ಕೇಳಿದಳು. ತಾನು ವಿಜ್ಞಾನ ಓದಿದ್ದೇ ಆ ಒಂದು ಚಮಚ ಅನ್ನದಿಂದ ಎಂದಳು. ಹುಡುಗಿಯ ಕಣ್ಣಲ್ಲಿ ನೀರಿತ್ತು.

ದಮಯಂತಿ ಕೇಳಿದ್ದು ಒಂದೇ. ಲಾಗ್ ಬುಕ್ಕಿನ ಸಾಲು ಹೊಡೆದುಹಾಕುತ್ತೀರಾ?

ವಾರಿಜಾ ತಲೆ ತಗ್ಗಿಸಿದಳು. "ಅಜ್ಜನ ಹೆಸರಿಗೆ ಕುಂದು ಬರ್ತದೆ ಅಂತ ಅಪ್ಪ ಕೇಳುದಿಲ್ಲ ಟೀಚರ್. ಆದರೆ ಆ ಪುಸ್ತಕ ಈಗ ಯಾರು ನೋಡ್ತಾರೆ? ಗೆದ್ದಲು ತಿಂದು ಹೋಗಿರಬಹುದು."

ದಮಯಂತಿ ನನ್ನ ಮುಖ ನೋಡಿದಳು. ಏಳು ವರ್ಷದಲ್ಲಿ ಅದೇ ಮೊದಲು. ಆಫೀಸಿನ ಕಪಾಟು ದಿನಾ ಒರಸುವವನು ನಾನೇ ಎಂದು ಅವಳಿಗೆ ಗೊತ್ತಿತ್ತು. ಈ ಸಲ ನಾನು ಸುಳ್ಳು ಹೇಳಲಿಲ್ಲ. ಗೆದ್ದಲು ತಿಂದಿಲ್ಲ ಎಂದೆ.

ಅವಳು ಹುಡುಗಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಮೀನಿನ ಮೇಲೆ ನೀರು ಚಿಮುಕಿಸಿದಳು.

"ನಿನ್ನ ಮೇಲೆ ಕೋಪ ಇಲ್ಲ ವಾರಿಜಾ. ನೀನು ಪಾಠ ಸರಿಯಾಗಿ ಕಲಿತಿದ್ದಿ, ಮನೆಯಲ್ಲಿ ಸರಿಯಾಗಿಯೇ ಹೇಳಿದ್ದಿ. ಆದರೆ ಆ ಸಾಲು ಅಲ್ಲಿಯೇ ಇಟ್ಟುಕೊಂಡು ನೀವು ಕೊಡುವ ಕೆಲಸ ಉಂಟಲ್ಲ, ಅದು ಎಂಜಲು. ನಾನು ಯಾರಿಗೂ ಎಂಜಲು ತಿನ್ನಿಸಿದವಳಲ್ಲ, ತಿನ್ನುವವಳೂ ಅಲ್ಲ. ನನಗೆ ಬೇಡ. ಬೂತಾಯಿ ಬೇಕಾದರೆ ತಕೊಂಡು ಹೋಗು, ಅದು ನಿಮ್ಮ ಮನೆಗೆ ಯಾವಾಗಲೂ ಆಗ್ತದೆ. ಇಲ್ಲದಿದ್ದರೆ ಸ್ವಲ್ಪ ಆಚೆ ನಿಲ್ಲು ಮಗಾ, ಗಿರಾಕಿಗಳಿಗೆ ಬುಟ್ಟಿ ಕಾಣುದಿಲ್ಲ."